ಹೊರಳದ ಗಂಟು

ಎಳೆದರೂ ಸುತ್ತು ಮುಚ್ಚಿಕೊಳ್ಳಲಿಲ್ಲ, ಇದೂ ಹೋಯಿತು, ಬೆಳಗಿನಿಂದ ಕೆಟ್ಟ ಕಿವಿಯೋಲೆಗಳ ಗುಡ್ಡೆಗೆ ಇದೂ ಸೇರಿತು, ಶಿವಲಿಂಗಮ್ಮ ಒದ್ದೆ ಬಟ್ಟೆಯೊಳಗಿಂದ ಇನ್ನೊಂದು ಬಾಳೆನಾರು ಹಿರಿದು ಎಡಗೈಗೆ ಸುತ್ತಿದಳು, ಬಲಗೈಯ ಪುಟ್ಟ ಲಾಳಿ ಅದರೊಳಗೆ ನುಸುಳಿತು, ಹೊರಬಂತು, ಈಗ ಎಡಗೈ ಸಡಿಲ ಬಿಡಬೇಕು, ಗಂಟು ಒಂದು ಎಳೆಯಿಂದ ಇನ್ನೊಂದಕ್ಕೆ ಹೊರಳಬೇಕು, ಹೊರಳದಿದ್ದರೆ ಕೊನೆಗೆ ಸುತ್ತು ಬಿಗಿಯುವುದಿಲ್ಲ, ಓಲೆ ಬಾಯಿ ತೆರೆದುಕೊಂಡೇ ಉಳಿಯುತ್ತದೆ — ಹೊರಳಿದ್ದು ಕಣ್ಣಿಗೆ ತಿಳಿಯುವ ಮೊದಲು ಹೆಬ್ಬೆರಳಿಗೆ ತಿಳಿಯುತ್ತಿತ್ತು, ಕಾಳಿನೊಳಗೆ ಹುಳ ಮಿಸುಕಿದ ಹಾಗೆ ಅಷ್ಟೇ ಅಷ್ಟು, ಈಗ ಬೆರಳುಗಳ ನಡುವೆ ಏನೂ ಇಲ್ಲ, ಯಾರದೋ ಬೆರಳು. ನಾರಿನದೇ ತಪ್ಪು ಎಂದುಕೊಂಡಿದ್ದಳಲ್ಲ, ದಿಂಡು ಎಳೆಯದಿತ್ತು, ಬಿಸಿಲು ಹೆಚ್ಚಾಯಿತು, ನಾರು ಕೆರೆಯುವ ತಾಜಬೀಯನ್ನು ಬೆಳಿಗ್ಗೆ ಬಾಯಿಗೆ ಬಂದಂತೆ ಬೈದಿದ್ದಳು, ಅವಳು ಅದೇ ನಾರನ್ನು ಮತ್ತೆ ಕೆರೆದು ಕೊಟ್ಟು, ಆಮೇಲೆ ಇವಳ ಕೈ ನೋಡಿದಳು, ಅಕ್ಕಾ, ನಾರಿಗೆ ಏನೂ ಆಗಿಲ್ರಿ, ನಿಮ್ಮ ಬೆರಳ ಕೊಯ್ದು ರಕ್ತ ಬರಾಕತ್ತೈತಿ, ಕೆಂಪ ಓಲಿ ಬೇಕಂದ್ರ ನನಗ ಹೇಳಿದ್ರ ಬೀಟ್ರೂಟ್ ತರ್ತಿದ್ದೆ, ಎಂದು ನಕ್ಕಳು, ಇವಳೂ ನಕ್ಕಳು, ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ನೋಯಲಿಲ್ಲವಲ್ಲ, ಒಂದಿಷ್ಟಾದರೂ ನೋಯಬಾರದಿತ್ತೇ.

ಉದ್ದ ತೋಳಿನ ಕುಪ್ಪಸದ ಕೆಳಗೆ ಆ ಮಚ್ಚೆ, ಮೊದಲು ರೂಪಾಯಿಯಷ್ಟಿತ್ತು, ಈಗ ವೀಳ್ಯದೆಲೆಯಷ್ಟು, ಬೆವರೂ ಇಲ್ಲ, ತುರಿಕೆಯೂ ಇಲ್ಲ, ಆಶಾ ಕಾರ್ಯಕರ್ತೆ ಕಸ್ತೂರೆಮ್ಮ ಮನೆಮನೆ ಕೇಳಿಕೊಂಡು ಬಂದಾಗ ಇವಳು ಬಾಗಿಲಲ್ಲೇ ನಿಂತಿದ್ದಳು, ಮುಟ್ಟಿದ್ರ ಗೊತ್ತಾಗಲಾರದ ಮಚ್ಚಿ ಯಾರಿಗಾರ ಅದಾವೇನ್ರಿ, ಗುಳಿಗಿ ಪುಕ್ಕಟ ಕೊಡ್ತಾರ, ಪೂರಾ ವಾಸಿ ಆಗತೈತಿ, ಇವಳು ಬಾಯಿ ತೆರೆಯುವುದರೊಳಗೆ ಕಟ್ಟೆಯ ಮೇಲಿಂದ ಗಂಡ ಗವಿಸಿದ್ದಪ್ಪ, ನಮ್ಮ ಮನ್ಯಾಗ ಅಂಥಾದ್ದೆಲ್ಲ ಬರಂಗಿಲ್ಲ, ಮುಂದಿನ ಮನಿ ನೋಡ್ರಿ — ಅವನಿಗೆ ಕಳಕಮ್ಮನ ಸುದ್ದಿ ಗೊತ್ತಿಲ್ಲ, ತವರಿನ ದೊಡ್ಡವ್ವ ಕಳಕಮ್ಮ, ಬಾಳೆತೋಟದ ಮೂಲೆಯ ಗುಡಿಸಲು, ಅವ್ವ ಬದುವಿನ ಮೇಲೆ ರೊಟ್ಟಿ ಇಟ್ಟು ಹಿಂದೆ ಸರಿಯುತ್ತಿದ್ದಳು, ದೊಡ್ಡವ್ವ ಬಂದು ಎರಡೂ ಅಂಗೈಗಳ ನಡುವೆ ಒತ್ತಿ ಎತ್ತುತ್ತಿದ್ದಳು, ಬೆರಳಿರಲಿಲ್ಲ, ಒಂದೀಟು ನಿಂದರವಾ, ಮಾರೀನರ ತೋರಿಸಿ ಹೋಗು, ಎಂದದ್ದು ಯಾರಿಗೆ, ಅವ್ವನಿಗೋ ನನಗೋ, ಅವ್ವ ನಿಲ್ಲಲಿಲ್ಲ. ಗೊತ್ತಾದರೆ ದೊಡ್ಡರೋಗ ತವರಿನಿಂದ ತಂದಾಳ ಎನ್ನುತ್ತಾರೆ, ಇದೇ ಆನೆಗೊಂದಿಯಲ್ಲಿ, ಇದೇ ಚಾಪೆಯ ಮೇಲೆ ಕೂತ ಹೆಂಗಸರೇ ಎನ್ನುತ್ತಾರೆ, ನಾನು ಕಟ್ಟಿದ ಓಲೆಯನ್ನು ಯಾರು ಕಿವಿಗೆ ಹಾಕಿಯಾರು, ನಾನು ಬಡಿದ ರೊಟ್ಟಿಯನ್ನು ಯಾರು ತಿಂದಾರು.

ಅಮೃತಾ ಬರುತ್ತಾಳೆ, ಬಸುರಿ ಮಗಳು, ಬಾಣಂತನಕ್ಕೆ ತವರಿಗೆ ಬರದೆ ಇನ್ನೆಲ್ಲಿಗೆ ಹೋದಾಳು, ನಿನ್ನೆ ಫೋನಿನಲ್ಲಿ, ಅವ್ವಾ, ಕೂಸಿಗೆ ನೀನ ಎರೀಬೇಕು ನೋಡು, ಬ್ಯಾರೇದವರ ಕೈಯಾಗ ಕೊಡಂಗಿಲ್ಲ, ಆಗಲವಾ ಎಂದಿದ್ದಳು, ಎಂದೂಬಿಟ್ಟಳು, ಕಾಲು ಚಾಚಿ ಕೂರಬೇಕು, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಬೇಕು, ಹಂಡೆಯ ನೀರಿಗೆ ಎಡಗೈ ಅದ್ದಿ ಹದ ನೋಡಬೇಕು — ಮೊನ್ನೆ ಆ ಕೈಯೇ ಕುದಿಯುವ ಹಂಡೆಗೆ ತಾಗಿತ್ತು, ಗೊತ್ತಾದದ್ದು ಸಂಜೆ, ಬೊಬ್ಬೆ ಎದ್ದ ಮೇಲೆ, ಹಾಗಾದರೆ ಆ ನೀರು, ಆವಿಯೊಳಗೆ ಆ ಎಳೆ ಬೆನ್ನು, ಬೇಡ, ಬಲಗೈ ಅದ್ದಿದರಾಯಿತು, ಬಲಗೈಯೂ ಹೋದರೆ, ಮುಟ್ಟಿದ್ದಕ್ಕೇ ಕೂಸಿಗೂ ಬಂದರೆ, ಇಲ್ಲ, ನಡ ನೋವು ಎನ್ನಬಹುದು, ಎಷ್ಟು ದಿನ ಎನ್ನಬಹುದು, ಮತ್ತೆ ಆವಿ, ಮತ್ತೆ ಬೆನ್ನು. ಸೆರಗಿನ ಮರೆಯಲ್ಲಿ ಸೂಜಿಯಿಂದ ಹೆಬ್ಬೆರಳನ್ನು ಚುಚ್ಚಿದಳು, ಏನೂ ಇಲ್ಲ, ಇನ್ನೂ ಆಳಕ್ಕೆ, ಏನೂ ಇಲ್ಲ. ಸಾಕ್ಮಾಡ್ರಿ ಅಕ್ಕಾ, ಉಳದದ್ದು ನಾಳೆ ಮಾಡೂಣು, ಎಂದಳು ತಾಜಬೀ. ನಾಳೆ ಬರಂಗಿಲ್ಲ, ಗಂಗಾವತ್ಯಾಗ ಕುಪ್ಪಸದ ಅರಿವಿ ತರೂದೈತಿ, ಎಂದಳು ಶಿವಲಿಂಗಮ್ಮ, ಅಷ್ಟು ಸಲೀಸಾಗಿ ಬಂದ ಸುಳ್ಳಿಗೆ ಅವಳಿಗೇ ಅಚ್ಚರಿಯಾಯಿತು, ಗಂಗಾವತಿಯ ದವಾಖಾನೆಯಲ್ಲಿ ತನ್ನ ಗುರುತಿನವರು ಯಾರೂ ಇರಲಿಕ್ಕಿಲ್ಲ, ತೋಳು ಮೇಲೇರಿಸಿ ತೋರಿಸುತ್ತಾಳೆ, ಕೊಟ್ಟ ಗುಳಿಗೆಯನ್ನು ಅಲ್ಲೇ ನುಂಗುತ್ತಾಳೆ, ಗವಿಸಿದ್ದಪ್ಪನಿಗೆ ಹೇಳುವುದಿಲ್ಲ, ಅಮೃತಾಗೂ ಹೇಳುವುದಿಲ್ಲ, ಡಾಕ್ಟರು ಕೂಸನ್ನು ಮುಟ್ಟು ಎನ್ನುವ ತನಕ ಮುಟ್ಟುವುದಿಲ್ಲ, ಯಾವ ಬಣ್ಣದ್ದು ತರ್ತೀರಿ, ತಾಜಬೀ ಕೇಳುತ್ತಿದ್ದಾಳೆ, ಯಾವುದು, ಅರಿವಿ, ಹೂಂ, ನೋಡಬೇಕು, ಆವಿ, ಆವಿಯೊಳಗೆ ಒಂದು ಬೆನ್ನು, ಇನ್ನೂ ಹುಟ್ಟದ, ಅಂಗೈಯಷ್ಟೇ ಅಗಲದ ಬೆನ್ನು