ಚಂದ್ರ ಕಂಡರೆ ನಾಳೆ

ಗೋಡೆಯ ಕ್ಯಾಲೆಂಡರನ್ನು ನಂಬಿ ಸುಪ್ರಿತಾ ಕೆಟ್ಟದ್ದು ಒಂದೇ ಸಲ, ಆದರೆ ಚೆನ್ನಾಗಿಯೇ ಕೆಟ್ಟಿದ್ದಳು. ಸುಳ್ಯದಲ್ಲಿ ಅವಳದು ಅಕ್ಕಿಯ ಒತ್ತುಶ್ಯಾವಿಗೆಯ ವ್ಯಾಪಾರ. ಮದುವೆಗೆಷ್ಟು, ಅಷ್ಟಮಿಗೆಷ್ಟು, ಆಟಿ ತಿಂಗಳ ಮಳೆಯಲ್ಲಿ ಎಷ್ಟು ಕಡಿಮೆ, ಎಲ್ಲ ಮೊದಲೇ ಲೆಕ್ಕ ಹಾಕಿ ಇಡುವವಳು. ಕಳೆದ ವರ್ಷ ಕ್ಯಾಲೆಂಡರಿನಲ್ಲಿ ಕೆಂಪಗಿದ್ದ ದಿನವೇ ರಂಜಾನ್ ಹಬ್ಬ ಎಂದುಕೊಂಡು ಪುತ್ತೂರಿಗೆ ವ್ಯಾನು ಕಳಿಸಿದರೆ, ಅಲ್ಲಿ ಹಬ್ಬ ಹಿಂದಿನ ದಿನವೇ ಮುಗಿದಿತ್ತು! ಬೆಂಗಳೂರಿನವರ ಕೆಂಪು ಬಣ್ಣ ಕರಾವಳಿಯಲ್ಲಿ ನಡೆಯುವುದಿಲ್ಲ. ಕೇರಳದ ಕಲ್ಲಿಕೋಟೆ ಕಡೆ ಚಂದ್ರ ಕಂಡರೂ ಇಲ್ಲಿ ಮರುದಿನ ಹಬ್ಬ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವತ್ತು ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಪುತ್ತೂರಿನಲ್ಲೂ ಕಡಬದಲ್ಲೂ ಅಂಗಡಿಯಿದ್ದ ಮೂಸಕುಂಞಿ ಈ ಸಲ ಮತ್ತೆ ಆರ್ಡರು ಕೊಟ್ಟದ್ದು ಅವರ ದೊಡ್ಡ ಗುಣ. “ಇನ್ನೊಮ್ಮೆ ಹಾಗೆ ಮಾಡಿದ್ರೆ ನನ್ನ ಅಂಗಡಿ ಮೆಟ್ಟಿಲು ಹತ್ಬೇಡ ಮಾರಾಯ್ತಿ” ಎಂದೂ ಹೇಳಿದ್ದರು. ಆ ಎರಡು ಅಂಗಡಿ ತಪ್ಪಿದರೆ ಮಳೆಗಾಲಕ್ಕೆ ಕೆಲಸದ ಹೆಂಗಸರನ್ನೆಲ್ಲ ಮನೆಗೆ ಕಳಿಸಬೇಕಿತ್ತು.

ಇಪ್ಪತ್ತೊಂಬತ್ತನೆಯ ಉಪವಾಸದ ಮಧ್ಯಾಹ್ನ ಸುಪ್ರಿತಾ ಅವರಿಗೆ ಫೋನು ಮಾಡಿದಳು. “ನಾಳೆಯಾ, ನಾಡಿದ್ದಾ? ಒಂದು ಹೇಳಿಬಿಡಿ ಮೂಸಾಕ.”

“ಅದು ನಾನು ಹೇಳುದಾ? ಚಂದ್ರ ಕಂಡರೆ ನಾಳೆ.”

ಇದೆಂಥ ವ್ಯಾಪಾರವಪ್ಪ! ನಾಳೆ ಬೆಳಗ್ಗೆ ಶ್ಯಾವಿಗೆ ಬೇಕಾದರೆ ಈಗಲೇ ಅಕ್ಕಿ ನೀರಿಗೆ ಬೀಳಬೇಕು. ಇರುವುದು ಒಂದೇ ಗ್ರೈಂಡರು, ರಾತ್ರಿಯಿಡೀ ಅರೆಯಬೇಕು. ನಾಡಿದ್ದು ಎಂದಾದರೆ ನೆನೆದ ಅಕ್ಕಿಯೆಲ್ಲ ಹುಳಿ ಬಂದು ದನಕ್ಕೆ. ಹಿರಿಯ ಕೆಲಸದಾಕೆ ಪೂವಮ್ಮ ಕೊಳಗ ಹಿಡಿದು ನಿಂತಿದ್ದಳು.

“ಎಲ್ಲಾ ಹಾಕುದಾ?”

“ಎಲ್ಲಾ ಹಾಕಿ ಪೂವಕ್ಕ.”

ಸಂಜೆಗೆ ಪಡುವಣದಲ್ಲಿ ಮೋಡ ದಟ್ಟೈಸಿತು. ಸುಪ್ರಿತಾ ತಾರಸಿ ಹತ್ತಿ, ಬಾ, ಬಾ ಎಂದು ಬೇಡಿಕೊಂಡಳು, ಬರದಿದ್ದಾಗ ಬೈದಳು. ಬದಿಯಲ್ಲಿ ಅವಳ ವ್ಯಾನು ಓಡಿಸುವ ಅದ್ರಾಮ ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು ಉಪವಾಸ ಬಿಟ್ಟ. “ಚಂದ್ರನಿಗೆ ಬೈದರೆ ಆಗ್ತದಾ ಅಕ್ಕ?” ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಆಗ ಮೋಡ ಒಂದು ಕಡೆ ಸ್ವಲ್ಪ ಹರಿಯಿತು. ಆ ಸಂದಿಯಲ್ಲಿ ಏನೋ ಇತ್ತು. ನಿಜವಾಗಿ ಇತ್ತೇ, ಅಥವಾ ತನಗೆ ಬೇಕಾದ್ದಕ್ಕೆ ಕಂಡಿತೇ? ಕಣ್ಣುಜ್ಜಿ ಮತ್ತೆ ನೋಡಿದಳು. ಒತ್ತಿದ ಶ್ಯಾವಿಗೆಯ ಒಂದೇ ಎಳೆಯಷ್ಟು ತೆಳ್ಳಗೆ, ಬೆಳ್ಳಗೆ.

“ಅದ್ರಾಮಣ್ಣ, ಅಲ್ಲಿ! ತೆಂಗಿನ ಮರದ ಬಲಕ್ಕೆ!”

ಅವನು ತುಂಬ ಹೊತ್ತು ಹುಡುಕಿದ. ಕಂಡಿತು. ಪ್ರಾರ್ಥನೆಗೆ ಎರಡೂ ಕೈ ಎತ್ತಿದ. ಇಷ್ಟು ವರ್ಷ ಹಬ್ಬಗಳ ಮೇಲೆಯೇ ಬದುಕಿದವಳು, ಒಂದು ಹಬ್ಬ ಹುಟ್ಟುವುದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಅಷ್ಟು ಸಣ್ಣದೊಂದು ಗೆರೆಗಾಗಿ ಘಟ್ಟದ ಬುಡದ ಸಂಪಾಜೆಯಿಂದ ಸಮುದ್ರದವರೆಗೆ ಎಷ್ಟು ಮನೆ ಕಾದಿದ್ದವು! ಮೋಡ ಮುಚ್ಚಿದ ಮೇಲೂ ಅವಳು ಅಲ್ಲೇ ನಿಂತಿದ್ದಳು, ಅಕ್ಕಿಯ ನೆನಪೇ ಇಲ್ಲದೆ.

ಸ್ವಲ್ಪ ಹೊತ್ತಿಗೆ ಅದ್ರಾಮನ ಫೋನಿಗೆ ಖಾಝಿಯವರ ಘೋಷಣೆ ಬಂತು: ನಾಳೆಯೇ ಹಬ್ಬ. ಕೆಳಗೆ ಪೂವಮ್ಮ ಯಾರನ್ನೂ ಕೇಳದೆ ಗ್ರೈಂಡರು ಹಾಕಿದಳು. ಹಿಂದೆಯೇ ಮೂಸಕುಂಞಿಯ ಕರೆ.

“ಶ್ಯಾವಿಗೆ ಬೆಳಗ್ಗೆ ಬರ್ತದೆ ಮೂಸಾಕ. ಅಕ್ಕಿ ನೆನೆದು ಆಗಿದೆ.”

“ಅದಿರಲಿ. ನಿನಗೆ ಕಂಡಿತಂತೆ, ಅದ್ರಾಮ ಹೇಳಿದ. ಇಲ್ಲಿ ಪೂರಾ ಮೋಡ, ನಮಗೆ ಯಾರಿಗೂ ಕಾಣ್ಲಿಲ್ಲ. ಹೇಗಿತ್ತು?”

“ಇಡೀ ದಿನ ಚಂದ್ರನನ್ನು ನನ್ನ ಅಕ್ಕಿಗೋಸ್ಕರ ಕರ್ದೆ ಮೂಸಾಕ. ಅದು ನನ್ನ ಅಕ್ಕಿಗೆ ಬಂದದ್ದಲ್ಲ.”

ಆ ಕಡೆ ಮೂಸಕುಂಞಿ ಅಂಗಡಿಯ ಗದ್ದಲದಿಂದ ಹೊರಗೆ ಬಂದರು.

“ಹೇಳು ಮಗಾ,” ಎಂದರು ಆಮೇಲೆ, “ಎಲ್ಲಿ ಕಂಡಿತು, ಹೇಗಿತ್ತು, ಸರಿಯಾಗಿ ಹೇಳು.”