ಹನ್ನೆರಡು ಪದ, ಎರಡು ಬೀದಿ

ಹತ್ತು ನಿಮಿಷ ಮೈಕು ಸತ್ತಿತ್ತಂತಲ್ಲ, ನಾಲಿಗೆ ಬಿದ್ದುಹೋಗಿತ್ತಾ ನಿಂಗೆ, ಅಂತ ಪಕ್ಷದ ಅಧ್ಯಕ್ಷ ಮೇಜು ಗುದ್ದುತ್ತಾನೆ, ಗುದ್ದಿದಾಗಲೆಲ್ಲ ಮೇಜಿನ ಮೇಲೆ ಮಲಗಿರುವ ಮೈಕು ಕುಪ್ಪಳಿಸುತ್ತದೆ, ಹೊರಗೆ ಪ್ರಚಾರದ ಗಾಡಿಯ ನೆತ್ತಿಯ ಮೇಲಿನ ಎರಡೂ ಹಾರ್ನು ಧಡ್ ಅನ್ನುತ್ತವೆ, ಹೊಸ ಬ್ಯಾಟರಿ ಪರೀಕ್ಷೆ ಮಾಡೋಣ ಅಂತ ವೈರನ್ನು ಕಿಟಕಿಯಿಂದ ಒಳಗೆಳೆದು ಸ್ವಿಚ್ಚು ಹಾಕಿದವನು ನಾನೇ, ನಿಮ್ಮ ಬೈಗುಳ ಬೀದಿಗೆಲ್ಲ ಕೇಳುತ್ತಿದೆ ಅಂತ ಹೇಳಬೇಕು, ಹೇಳುವುದಿಲ್ಲ, ನಗು ಬರುತ್ತಿದೆ, ಬೇರೆ ದಿನವಾಗಿದ್ದರೆ ಮೇಜು ಹಾರಿ ಕೊರಳಪಟ್ಟಿ ಹಿಡಿಯುವ ಪೈಕಿ ನಾನು, ಇವತ್ತು ಸಿಟ್ಟು ಹೊಟ್ಟೆಯಿಂದ ಹೊರಟು ಗಂಟಲಿಗೆ ಬರುವಷ್ಟರಲ್ಲಿ ನಗುವಾಗಿಬಿಡುತ್ತದೆ — ಕಿವಿ, ಮಗಳ ಎಡಗಿವಿ, ಅದೊಂದೇ ಕಣ್ಣಿಗೆ ಕಟ್ಟಿದ ಹಾಗಿದೆ. ಇಪ್ಪತ್ತೆಂಟು ವರ್ಷ ಈ ಪಕ್ಷದ ಗಾಡಿಯಲ್ಲಿ ಕೂತು ಕೂಗಿದ್ದೇನೆ, ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ತನಕ ಕಲಿತದ್ದೆಂದರೆ ಗಟ್ಟಿಯಾಗಿ ಓದುವುದು, ಅದೇ ಹೊಟ್ಟೆ ಹೊರೆಯಿತು, ಕಂಚಿನ ಕಂಠ ಅಂದರು, ಬರಬರುತ್ತ ಕಂಠ ಬಿಟ್ಟು ಬರೀ ಕಂಚು ಅಂದರು, ಕಂಚೂ ಬಾ, ಕಂಚೂ ಓದು. ಕಿಟಕಿಯಾಚೆ ನನ್ನ ಭಾವಮೈದ, ಗಾಡಿ ಓಡಿಸುವವನು, ಸ್ಟೂಲು ಹತ್ತಿ ಹಳೇ ಬ್ಯಾನರು ಬಿಚ್ಚುತ್ತಿದ್ದಾನೆ, ಇವತ್ತು ಹನ್ನೊಂದು ಗಂಟೆಗೆ ನಮ್ಮ ನಾಯಕರು ಎದುರು ಪಕ್ಷಕ್ಕೆ ಜಿಗಿದರು, ಅಧ್ಯಕ್ಷನೂ ಅವರ ಬಾಲ ಹಿಡಿದು ಜಿಗಿದ, ಕಚೇರಿ, ಕುರ್ಚಿ, ಗಾಡಿ, ಹಾರ್ನು, ನಾನು, ಸಾಮಾನಿನ ಜೊತೆ ಸಾಮಾನಾಗಿ ಜಿಗಿದದ್ದಾಯಿತು, ಬೆಳಿಗ್ಗೆ ಒಂಬತ್ತಕ್ಕೆ ನಾನು ಕಳ್ಳರು ಅಂತ ಕೂಗಿದವರನ್ನೇ ಮಧ್ಯಾಹ್ನ ಹನ್ನೆರಡಕ್ಕೆ ನಾಡಿನ ಕಣ್ಮಣಿಗಳು ಅನ್ನಬೇಕು, ತಗೋ ಹೊಸ ಚೀಟಿ, ಓದಿ ತೋರ್ಸು, ಅಂತ ಅವನು ಒಂದು ಹಾಳೆ ತಳ್ಳುತ್ತಾನೆ, ಹಾಳೆಯ ಹಿಂಬದಿ ಖಾಲಿ, ಬೆಳ್ಳಗೆ, ಆ ಖಾಲಿ ನೋಡಿ ಮತ್ತೆ ನಗು.

ಯಾಕೆಂದರೆ ನಮ್ಮ ಮನೆಯಲ್ಲಿ ಕಾಗದ ಅಂದರೆ ಅದೇ, ಪಕ್ಷದ ಚೀಟಿಯ ಹಿಂಬದಿ, ಮಗಳು ಅ ಆ ಇ ಈ ತಿದ್ದಿದ್ದು ಅದರ ಮೇಲೆ, ಮಗ್ಗಿ ಬರೆದದ್ದು ಅದರ ಮೇಲೆ, ನನ್ನ ಹೆಂಡತಿ ಸಾಮಾನಿನ ಪಟ್ಟಿ ಬರೆಯುವುದೂ ಅದರ ಮೇಲೆಯೇ, ಮುಂದೆ ನಾಯಕರ ಭರವಸೆ, ಹಿಂದೆ ಉಪ್ಪು ಸೋಪು ಬೆಂಕಿಪೊಟ್ಟಣ, ಇವತ್ತು ಬೆಳಿಗ್ಗೆಯೂ ಮಗಳು ಅಂಥದೊಂದು ಚೀಟಿಯ ಬೆನ್ನ ಮೇಲೆ ಏನೋ ಬರೆಯುತ್ತಿದ್ದಳು, ಕಿವಿಗೆ ಇಯರ್‌ಫೋನು ತುರುಕಿಕೊಂಡು, ನಾನು ಮಾತಾಡಿಸಿದರೆ ಹ್ಞೂಂ ಅನ್ನುತ್ತ. ಮಧ್ಯಾಹ್ನ ಯುವಜನ ಸಭೆ ಇದೆ, ನಿನ್ನ ಗೆಳತಿಯರನ್ನೂ ಕರ್ಕೊಂಡು ಬಾ, ಮುಂದಿನ ಸಾಲು ಖಾಲಿ ಇದ್ರೆ ನನ್ನ ಮಾನ ಹೋಗುತ್ತೆ, ಅಂದೆ. ಬರಲ್ಲಪ್ಪಾ. ಯಾಕೆ ಬರಲ್ಲ. ಓಟೂ ಹಾಕಲ್ಲ, ಇನ್ನು ಸಭೆಗೆ ಬಂದು ಚಪ್ಪಾಳೆ ಹಾಕ್ಲಾ. ಆಗ ಮೇಜು ಗುದ್ದಿದವನು ನಾನು, ಲೋಟ ಉರುಳಿತು, ಫೋನಿನೊಳಗಿನ, ಕಣ್ಣಿಗೆ ಕಾಣದ ಕೈಗೆ ಸಿಗದ ಕ್ರಿಪ್ಟೋ ನಾಣ್ಯಕ್ಕೆ ದುಡಿದದ್ದೆಲ್ಲ ಸುರೀತೀಯಲ್ಲ, ಗಾಳಿಗೆ ಗಂಟು ಹಾಕೋಳೇ, ಅದಕ್ಕಿಂತ ಓಟು ಕಡೆಯಾ ಅಂದೆ, ಅವಳು ಇಯರ್‌ಫೋನು ತೆಗೆಯದೆಯೇ ಅಂದಳು, ನನ್ನ ನಾಣ್ಯ ಬಿದ್ರೆ ಬಿದ್ದೆ ಅಂತ ಪರದೆ ಮೇಲೆ ತೋರಿಸುತ್ತಪ್ಪಾ, ನಿಮ್ಮೋರು ಬಿದ್ರೂ ಗೆದ್ದೆ ಅಂತಾರೆ. ನಾನು ಇನ್ನೂ ಜೋರಾದೆ. ಹದಿನೆಂಟು ತುಂಬಿದ ವರ್ಷ ಇವಳೇ ಹೊಸ ಬಟ್ಟೆ ಹಾಕಿಕೊಂಡು ಮತಗಟ್ಟೆಯ ಸಾಲಿನಲ್ಲಿ ಮೊದಲನೆಯವಳಾಗಿ ನಿಂತಿದ್ದಳು, ಅಪ್ಪ ಕೂಗಿದ್ದಾನೆ ಅಂತ, ಯುವಕರ ತರಬೇತಿ ಕೇಂದ್ರ ಬರುತ್ತೆ ಅಂತ, ಕೇಂದ್ರಕ್ಕೆ ಮೂರು ಸಲ ಅಡಿಗಲ್ಲು ಹಾಕಿದರು, ಒಂದೇ ಕಲ್ಲು, ಪ್ರತಿ ಸಲ ಹೆಸರು ಅಳಿಸಿ ಬೇರೆ ಹೆಸರು ಕೆತ್ತಿದರು, ಮೂರು ಸಲವೂ ಬಂಧುಗಳೇ ಬನ್ನಿ ಅಂತ ಕೂಗಿದವನು ನಾನು, ಕಲ್ಲಿನ ಮೇಲೆ ಈಗ ನಾಯಿ ಮಲಗುತ್ತದೆ. ಅವಳು ಕಾಯಲಿಲ್ಲ, ಕನ್ನಡಕದ ಅಂಗಡಿ ಸೇರಿ ಗಾಜು ಉಜ್ಜುವುದು ಕಲಿತಳು, ಅವಳು, ಇಬ್ಬರು ಗೆಳತಿಯರು, ಮೂವರೂ ಸೇರಿ ಒಂದು ಉಜ್ಜುವ ಯಂತ್ರ ಕೊಳ್ಳಬೇಕು ಅಂತ ಎರಡು ವರ್ಷದ ದುಡಿಮೆಯೆಲ್ಲ ಆ ನಾಣ್ಯದೊಳಗೆ ಇಟ್ಟಿದ್ದಾರೆ, ಹೋದ ವರ್ಷ ಅರ್ಧಕ್ಕೆ ಇಳಿಯಿತು, ಅಪ್ಪಾ ಬಿದ್ದೆವು ಅಂತ ಬಂದು ಹೇಳಿ ಎರಡು ಸಲ ಬಡಿಸಿಕೊಂಡು ಉಂಡಳು, ಆಮೇಲೆ ಏರಿತು, ನಾಳೆ ಮತ್ತೆ ಬೀಳಬಹುದು, ಬಿದ್ದರೂ ನಾವೇ ಬೀಳೋದು, ಯಾರದೋ ಬಾಲ ಹಿಡ್ಕೊಂಡಲ್ಲ ಅಂತಾಳೆ, ಧೈರ್ಯವೋ ಹುಚ್ಚೋ, ನನ್ನ ಮಗಳು ತಾನೇ. ಆದರೆ ಬೆಳಿಗ್ಗೆ ಇಷ್ಟೆಲ್ಲ ಯೋಚಿಸುವ ತಾಳ್ಮೆ ಎಲ್ಲಿತ್ತು, ಮೇಜಿನ ಮೇಲಿದ್ದ ಚೀಟಿಗಳನ್ನೆಲ್ಲ ಬಾಚಿ ಜೇಬಿಗೆ ತುರುಕಿಕೊಂಡು ಬಾಗಿಲು ಬಡಿದು ಹೊರಟೆ, ಅವಳು ಬರೆದದ್ದೂ ಅದರಲ್ಲೇ ಬಂತು.

ಕೂಗುವವನ ಕಣ್ಣಿನಿಂದ ನಾಲಿಗೆಗೆ ನೇರ ದಾರಿ, ನಡುವೆ ತಲೆ ಸಿಗುವುದಿಲ್ಲ, ಚೀಟಿ ಕೈಗೆ ಬಂದರೆ ಮುಂದಿನದು ಓದು, ತಿರುಗಿಸು, ಹಿಂದೆ ಏನಾದರೂ ಇದ್ದರೆ ಅದನ್ನೂ ಓದು, ಇದು ಇಪ್ಪತ್ತೆಂಟು ವರ್ಷದ ಅಭ್ಯಾಸ, ಬೆಳಿಗ್ಗೆ ಗಾಡಿಯಲ್ಲಿ ಕೂತು ಜೇಬಿನ ಚೀಟಿ ತೆಗೆದೆ, ತಿರುಗಿಸಿದೆ, ಓದಿದೆ, ಛತ್ರಿ, ಬೆಣಚುಕಲ್ಲು, ಮೀನು, ನಾಳೆ, ನಿಂಬೆ, ಸೂಜಿ, ಅತ್ತೆ, ಕೊಳಲು, ಹಿಮ, ಬಾಗಿಲು, ಮೌನ, ಕತ್ತೆ, ಬಂಧುಗಳೇ ಮರೆಯದಿರಿ, ಮರೆತು ನಿರಾಶರಾಗದಿರಿ, ಕೊನೆಯ ಕತ್ತೆಯನ್ನು ಸ್ವಲ್ಪ ಎಳೆದೇ ಹೇಳಿದೆ, ಚೆನ್ನಾಗಿ ಬಂತು ಅನ್ನಿಸಿತು, ಎರಡು ಬೀದಿ ಪೂರ್ತಿ, ಮತ್ತೆ ಮೊದಲಿಂದ, ಛತ್ರಿ, ಬೆಣಚುಕಲ್ಲು — ಎರಡನೇ ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿಯಿಂದ ಮಗಳು ಬಾಣದ ಹಾಗೆ ಬಂದಳು, ಒಂದು ಕಾಲಲ್ಲಿ ಚಪ್ಪಲಿ, ಮೈತುಂಬ ಗಾಜಿನ ಪುಡಿ, ಮಾವಾ ಗಾಡಿ ನಿಲ್ಸು, ಅಪ್ಪಾ ಬಾಯ್ಮುಚ್ಚು, ಕೈಯಿಂದ ಮೈಕು ಕಿತ್ತುಕೊಂಡಳು. ಅವು ನಾಣ್ಯದ ಪೆಟ್ಟಿಗೆಯ ಬೀಗದ ಕೈಯಂತೆ, ಆ ಹನ್ನೆರಡು ಪದ, ಸಾಲಾಗಿ ಗೊತ್ತಾದವರು ಯಾರಾದರೂ ಸರಿ, ಎಲ್ಲಿಂದಾದರೂ ಸರಿ, ಮೂವರು ಹುಡುಗಿಯರ ಎರಡು ವರ್ಷವನ್ನು ಬಾಚಿಕೊಂಡು ಹೋಗಬಹುದಂತೆ, ಕೇಳಿ ನನ್ನ ನಾಲಿಗೆ ನಿಜವಾಗಿಯೂ ಬಿದ್ದುಹೋಯಿತು, ಅವಳು ಫುಟ್‌ಪಾತಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಫೋನಿನಲ್ಲಿ ಹೊಸ ಬೀಗದ ಹೊಸ ಪೆಟ್ಟಿಗೆ ಮಾಡಿ ಇದ್ದದ್ದನ್ನೆಲ್ಲ ಅದರೊಳಗೆ ದಾಟಿಸುತ್ತಿದ್ದಾಳೆ, ಹೆಬ್ಬೆರಳು ಪರದೆಯ ಮೇಲೆ ಓಡುತ್ತದೆ, ಓಡು ತಾಯಿ ಓಡು, ಭಾವಮೈದ ಗಾಡಿಯಿಂದ ಇಳಿದು ಯಾಕೋ ಕೈ ಮುಗಿದು ನಿಂತಿದ್ದಾನೆ, ನಾನು ಅತ್ತ ಇತ್ತ ನೋಡುತ್ತೇನೆ, ಯಾವನು ಕೇಳಿಸಿಕೊಂಡ, ಯಾವನು ಬರೆದುಕೊಂಡ, ಕ್ಷೌರದವನು ಗಲ್ಲಕ್ಕೆ ನೊರೆ ಹಚ್ಚುತ್ತಿದ್ದಾನೆ, ಬಸ್ಸಿಗೆ ಕಾಯುವ ಹತ್ತು ಹನ್ನೊಂದು ಹುಡುಗರ ಕಿವಿ ಇಯರ್‌ಫೋನಿನಿಂದ ಮುಚ್ಚಿದೆ, ತರಕಾರಿಯವಳು ಸೊಪ್ಪಿಗೆ ನೀರು ಚಿಮುಕಿಸುತ್ತಾಳೆ, ಒಂದು ಮುಖವೂ ತಿರುಗಿಲ್ಲ, ಒಂದೂ. ದಾಟಿತು, ಎಲ್ಲಾ ದಾಟಿತು, ಒಂದು ಚೂರೂ ಹೋಗಿಲ್ಲ, ಅಂದವಳು ತಲೆಯೆತ್ತಿ ಆ ಬೀದಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅಪ್ಪಾ, ಎರಡು ಬೀದಿಗೆ ಸಾರಿದ್ರೂ ಗುಟ್ಟು ಗುಟ್ಟಾಗೇ ಉಳೀತಲ್ಲ, ನಿನ್ನ ಮೈಕಿಗಿಂತ ಭದ್ರವಾದ ತಿಜೋರಿ ಇಲ್ಲ ಬಿಡು. ಇಪ್ಪತ್ತೆಂಟು ವರ್ಷ, ಎಷ್ಟು ಬೀದಿ, ಎಷ್ಟು ಶುಂಠಿ ಅಗಿದಿದ್ದೇನೆ ಈ ಗಂಟಲಿಗೆ, ಯಾರೂ ಕೇಳುತ್ತಲೇ ಇರಲಿಲ್ಲ, ಅಳು ಬರಬೇಕಿತ್ತು, ಅವಳ ನಗು ಮೊದಲು ಬಂತು, ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಉರುಳಾಡುತ್ತಾಳೆ, ಕತ್ತೇಏಏ ಅಂತ ನನ್ನ ಹಾಗೇ ಎಳೆದು ತೋರಿಸುತ್ತಾಳೆ, ಭಾವಮೈದ ನಕ್ಕ, ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ, ಮೈಕು ಸತ್ತ ಹತ್ತು ನಿಮಿಷ ಅದೇ. ಚಿಕ್ಕವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಕೂಗಲು ಹೋಗುತ್ತಿದ್ದೆ, ಹಾರ್ನಿಗೆ ಬೆಚ್ಚಬಾರದೆಂದು ಅವಳ ಎರಡೂ ಕಿವಿಗೆ ನನ್ನ ಕೈಯಾರೆ ಹತ್ತಿ ಇಡುತ್ತಿದ್ದೆ, ಇವತ್ತು ಅವಳು ಹೊಸ ಹನ್ನೆರಡು ಪದಗಳನ್ನು ಮೂರು ಸಲ ನನಗೆ ಓದಿ ಹೇಳಿ, ಕಾಗದ ಬೇಡಪ್ಪಾ, ನೀನು ಕೇಳಿದ್ದು ಮರೆಯಲ್ಲ, ನಿನ್ನ ತಲೇಲೂ ಒಂದು ಪ್ರತಿ ಇರ್ಲಿ, ಅಂದಳು, ಅಂದು, ಇಯರ್‌ಫೋನು ತೆಗೆದು ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು, ಈಗ ಹೇಳು, ಮೆಲ್ಲಗೆ. ಮೆಲ್ಲಗೆ ಮಾತಾಡಿ ಎಷ್ಟು ಕಾಲವಾಗಿತ್ತೋ, ಮೊದಲ ಪದ ಬರೀ ಉಸಿರಾಗಿ ಹೋಯಿತು, ಎರಡನೆಯದಕ್ಕೆ ಕಚಗುಳಿಯಾಗಿ ಕಿವಿ ಸರಕ್ಕನೆ ಹಿಂದೆ ಹೋಗಿ ಮತ್ತೆ ಬಂತು, ಕಿವಿಯ ತುದಿಯಲ್ಲಿ ಗಾಜಿನ ಪುಡಿಯ ಒಂದು ಕಣ ಮಿನುಗುತ್ತಿತ್ತು.

ಏನಯ್ಯಾ ಹಲ್ಲು ಕಿರೀತೀಯ, ಓದು ಅಂದ್ನಲ್ಲ, ನಾಡಿನ ಕಣ್ಮಣಿಗಳು ಅಂತ ಶುರು ಮಾಡು, ಅಧ್ಯಕ್ಷನ ಕತ್ತಿನ ನರ ಉಬ್ಬಿದೆ, ಪಾಪ, ಅವನ ಮಾತನ್ನೂ ಯಾರೂ ಕೇಳುವವರಿಲ್ಲ. ಬೆಳಿಗ್ಗೆ ಎರಡು ಬೀದೀಲಿ ನಾನೇನು ಓದ್ದೆ ಹೇಳಿ ಅಧ್ಯಕ್ಷರೇ, ಅಂದೆ. ಏನು ಓದ್ತೀಯ, ಚೀಟೀಲಿ ಇದ್ದದ್ದು ಓದ್ತೀಯ. ಯಾರಾದ್ರೂ ಫೋನು ಮಾಡಿ ದೂರು ಹೇಳಿದ್ರಾ. ಮೈಕು ಯಾಕೆ ನಿಲ್ತು ಅಂತ ಒಬ್ರು ಕೇಳಿದ್ರು, ಮಗು ನಿದ್ದೆ ಮಾಡ್ತಂತೆ, ದಿನಾ ಆ ಹೊತ್ತಿಗೆ ಹಂಗೇ ನಿಲ್ಲಿಸ್ತೀರಾ ಅಂದ್ರು. ಅದಕ್ಕೆ ನಾನು ಗಹಗಹಿಸಿ ನಕ್ಕದ್ದು ಹಾರ್ನಿನಲ್ಲಿ ದೊಡ್ಡದಾಗಿ ಬೀದಿಗೆ ಹೋಯಿತು, ಒಂದು ಮಗುವನ್ನು ಮಲಗಿಸಿದ್ದೇನೆ, ಬಾಯಿ ಮುಚ್ಚಿ, ಇಪ್ಪತ್ತೆಂಟು ವರ್ಷದಲ್ಲಿ ಈ ಗಾಡಿಯಿಂದ ಒಬ್ಬರಿಗಾದರೂ ಉಪಕಾರವಾಯಿತಲ್ಲ. ಚೀಟಿಯನ್ನು ತಿರುಗಿಸಿ, ಖಾಲಿ ಬದಿ ಮೇಲೆ ಮಾಡಿ ಮೇಜಿನ ಮೇಲಿಟ್ಟೆ, ಏಳು ಅಂತ ಮೊಣಕಾಲು ತಾನೇ ಹೇಳಿತು, ಎದ್ದೆ. ಎಲ್ಲಿಗೆ. ಮನೆಗೆ. ಹೋದ್ರೆ ತಿರುಗಿ ಬರ್ಬೇಡ. ಸರಿ, ಅಂದೆ, ಮೆಲ್ಲಗೆ, ಕೇಳಿಸಿತೋ ಇಲ್ಲವೋ. ಮೆಟ್ಟಿಲು ಮೂರು, ಇಳಿದರೆ ಬಿಸಿಲು, ಸ್ಟೂಲಿನ ಮೇಲೆ ಭಾವಮೈದನ ಒಂದು ಕೈಯಲ್ಲಿ ಹಳೇ ಬ್ಯಾನರು, ಇನ್ನೊಂದರಲ್ಲಿ ಹೊಸದು, ಹಿಂದಿನಿಂದ ಅಧ್ಯಕ್ಷ ಮೈಕನ್ನೇ ಎತ್ತಿಕೊಂಡನೇನೋ, ಎರಡೂ ಹಾರ್ನು ಕಂಚೂ, ಏ ಕಂಚೂ ಅಂತ ಊರು ಹರಿಯುವ ಹಾಗೆ ಕಿರುಚುತ್ತಿವೆ, ಕನ್ನಡಕದ ಅಂಗಡಿಯ ತಿರುವು ದಾಟಿದೆ, ಕ್ಷೌರದವನು ತಿರುಗಲಿಲ್ಲ, ಬಸ್ಸಿಗೆ ಕಾಯುವ ಹುಡುಗರು ತಿರುಗಲಿಲ್ಲ, ನಾನೂ ತಿರುಗಲಿಲ್ಲ, ನಾಳೆಗೇನು ಅಂತ ಹೆಂಡತಿ ಕೇಳುತ್ತಾಳೆ, ಗೊತ್ತಿಲ್ಲ ಅನ್ನುತ್ತೇನೆ, ಓಟಿನ ದಿನ ಮಗಳಿಗೆ ಹೋಗು ಅನ್ನಲೋ ಬೇಡವೋ, ಅವಳಿಷ್ಟ, ನಾನಂತೂ ಹೋಗುತ್ತೇನೆ, ಯಾರಿಗೆ ಅಂತ ಯಾರಿಗೂ ಕೂಗಿ ಹೇಳುವುದಿಲ್ಲ, ನಡೆಯುತ್ತ ಹನ್ನೆರಡು ಪದಗಳನ್ನು ತುಟಿಯೊಳಗೆ ಎಣಿಸುತ್ತೇನೆ, ಒಂದು, ಎರಡು, ಮೂರು, ಎಲ್ಲ ಇವೆ, ಏಳು, ಎಂಟು, ಹನ್ನೊಂದು, ಹನ್ನೆರಡು, ಆಮೇಲೆ, ಆಮೇಲೆ ಕಿವಿ, ಎಡಗಿವಿ, ತುದಿಯಲ್ಲಿ ಗಾಜಿನ ಒಂದು ಕಣ