ಬೀರನ ಜಗುಲಿಗೆ ಮಕ್ಕಳು ಬಂದರು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ದೊಡ್ಡವರಿಗೆ ಎರಡು ಚಿಂತೆ. ಒಂದು ಕಾಯಿಲೆಯವರದು, ಇನ್ನೊಂದು ಮಕ್ಕಳದು. ಹೊನ್ನಾವರದ ಹೊಳೆಯಾಚೆಯ ಕೊಪ್ಪದಲ್ಲಿ ಬೀರ ಕೆಮ್ಮಿ ಕೆಮ್ಮಿ ಮಲಗಿದಾಗ ಅವನ ಹೆಂಡತಿ ಮಂಜಿಗೂ ಹೀಗೇ ಆಯಿತು.

ಬೀರ ಗಟ್ಟಿ ಆಳು. ಬದನೆ, ಹರಿವೆ, ಗೆಣಸು ಬೆಳೆದು ತಾನೇ ಸಂತೆಗೆ ಹೊರುತ್ತಿದ್ದ. ಆ ವರ್ಷ ಮಳೆ ಬಿಡುವ ಹೊತ್ತಿಗೆ ಅವನ ಎದೆಯ ಎಲುಬು ಎಣಿಸುವ ಹಾಗಾಯಿತು. ಆಸ್ಪತ್ರೆಯಲ್ಲಿ ಕಫ ನೋಡಿ, "ಕ್ಷಯ" ಎಂದರು. "ಹೆದರಬೇಡ. ಈಗ ಔಷಧ ಬಂದಿದೆ. ಬಿಡದೆ ತಗೊಂಡರೆ ಗುಣ ಆಗ್ತದೆ" ಎಂದು ಗುಳಿಗೆ ಕೊಟ್ಟು ಕಳಿಸಿದರು.

ಬೀರನ ತಾಯಿ ಸಣ್ಣಮ್ಮನಿಗೆ ಮಾತ್ರ ಧೈರ್ಯ ಬರಲಿಲ್ಲ. ಮಗನನ್ನು ಒಳಕೋಣೆಯಲ್ಲಿ ಮಲಗಿಸಿ ಬಾಗಿಲು ಎಳೆದಳು. ಮೊಮ್ಮಕ್ಕಳು ಲಕ್ಕಿ, ಕುಪ್ಪ ಇಬ್ಬರೂ ಸಣ್ಣವರು. ಅವರನ್ನು ಹತ್ತಿರ ಕರೆದು, "ಆ ಕೋಣೇಲಿ ಗುಮ್ಮ ಅದೆ. ಹೋದ್ರೆ ಹಿಡ್ಕಂತದೆ" ಎಂದಳು.

ಒಂದು ಬೆಳಿಗ್ಗೆ ಬೀರ ಬಿಸಿಲು ಕಾಯಿಸಿಕೊಳ್ಳಲು ಹೊರಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಅಂಗಳದಲ್ಲಿ ಆಡುತ್ತಿದ್ದ ಕುಪ್ಪ ಅವನನ್ನು ಕಂಡವನೇ "ಗುಮ್ಮ ಬಂತು!" ಎಂದು ಚೀರಿ ಓಡಿದ. ಹಿಂದೆಯೇ ಲಕ್ಕಿಯೂ ಓಡಿದಳು.

ಬೀರ ತಿರುಗಿ ಒಳಗೆ ಹೋದ. ಆಮೇಲೆ ಗುಳಿಗೆ ಮುಟ್ಟಲಿಲ್ಲ.

"ನನ್ನ ಮಕ್ಕಳೇ ನನ್ನ ನೋಡಿ ಓಡ್ತವೆ. ಗುಣ ಆಗಿ ಎಂತ ಮಾಡೂದದೆ ಮಂಜಿ?" ಎಂದು ಗೋಡೆಗೆ ಮುಖ ಮಾಡಿದ.

ಮಂಜಿಯ ಎದೆ ಒಡೆಯಿತು. ತಾರಿ ದೋಣಿಯಲ್ಲಿ ಹೊಳೆ ದಾಟಿ ಮನೆಮನೆ ನೋಡಲು ಬಂದ ನರ್ಸು ನತಾಲಿನ್ ಬಾಯಿಯವರ ಮುಂದೆ ಎಲ್ಲ ಹೇಳಿಕೊಂಡು ಅತ್ತಳು.

ಸಣ್ಣಮ್ಮ ನಡುವೆ ಬಾಯಿ ಹಾಕಿದಳು. "ಬಾಯೋರೆ, ಸಣ್ಣ ಮಕ್ಕಳು. ಅವಕ್ಕೆ ರೋಗ ಅಂದ್ರೆ ಎಂತ ತಿಳೀತದೆ? ಹೆದರ್ಸಿ ಇಡೂದೇ ಚಲೋ."

"ಅಮ್ಮಾ, ಬೆಂಕಿ ಮುಟ್ಟಬಾರ್ದು ಅಂತ ಇವ್ರಿಗೆ ಯಾರು ಕಲ್ಸಿದ್ರು?" ಎಂದು ನರ್ಸು ಕೇಳಿದಳು.

"ನಾನೇ."

"ಒಲೇಲಿ ಗುಮ್ಮ ಅದೆ ಅಂದ್ರಾ?"

"ಇಲ್ಲ. ಸುಡ್ತದೆ ಅಂದೆ."

"ತಿಳೀತಲ್ಲ ಅವಕ್ಕೆ! ಇದನ್ನೂ ಹಾಂಗೇ ಹೇಳಿ. ನಿಮ್ಮಪ್ಪಂಗೆ ಕೆಮ್ಮಿನ ರೋಗ, ಕೆಮ್ಮಿದ್ರೆ ಅದು ಗಾಳೀಲಿ ಬತ್ತದೆ, ಅದ್ಕೇ ಸ್ವಲ್ಪ ದೂರ ಕೂರೂದು. ಅಪ್ಪನ ಮೇಲೆ ಸಿಟ್ಟಿಲ್ಲ, ಅಪ್ಪ ಗುಮ್ಮ ಅಲ್ಲ. ಮತ್ತೆ ಆ ಕತ್ತಲೆ ಕೋಣೆ ಬೇಡ. ಹಾಸಿಗೆ ಜಗುಲಿಗೆ ಹಾಕಿ, ಗಾಳಿ ಬೆಳಕು ಬೀಳ್ಲಿ. ಬೀರ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡೀಲಿ, ಮುಚ್ಚಳದ ಡಬ್ಬಿಗೆ ಉಗೀಲಿ. ಡಬ್ಬಿ ಮಕ್ಕಳ ಕೈಗೆ ಸಿಗಬಾರ್ದು. ಮಕ್ಕಳನ್ನೂ ಒಮ್ಮೆ ಆಸ್ಪತ್ರೆಗೆ ತೋರ್ಸಿ."

ಸಣ್ಣಮ್ಮ ಮುಖ ತಿರುವಿದಳು. ಮಂಜಿ ಮಾತ್ರ ಮರುದಿನವೇ ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಬ್ಬರಿಗೂ ರೋಗ ತಗುಲಿರಲಿಲ್ಲ. ಮನೆಗೆ ಬಂದು, ನರ್ಸು ಹೇಳಿದ ಹಾಗೇ ಅಪ್ಪನ ರೋಗದ ಸಂಗತಿ ತಿಳಿಸಿ ಹೇಳಿ, ಅವರಿಗೆ ಒಂದು ಆಟ ಕಲಿಸಿದಳು. ಕುಪ್ಪ ಚಾಪೆ ಮೇಲೆ ಕಾಯಿಲೆಯವನ ಹಾಗೆ ಮಲಗಿದ. ಲಕ್ಕಿ ನೋಡಲು ಬಂದಳು. ಓಡಿ ಬಂದರೆ ಮಂಜಿ ತಿರುಗಿ ಕಳಿಸಿದಳು. ಕಿರುಚಿದರೆ ಕುಪ್ಪನೇ "ನಂಗೆ ತಲೆ ನೋಯ್ತದೆ!" ಎಂದ. ನಕ್ಕು ನಕ್ಕು ಇಬ್ಬರೂ ಕಲಿತರು.

ಸಂಜೆ ಮಂಜಿ ಜಗುಲಿಗೆ ತಂದು ಹಾಕಿದ ಹಾಸಿಗೆಯಲ್ಲಿ ಬೀರ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಕ್ಕಳು ಮೆಲ್ಲಗೆ ಬಂದು ಅಂಗಳದ ಕಲ್ಲಿನ ಮೇಲೆ ಕುಳಿತರು.

"ಅಪ್ಪಾ, ಹ್ಯಾಂಗದೆ?" ಎಂದಳು ಲಕ್ಕಿ.

ಬೀರ ತಟ್ಟನೆ ಈಚೆ ತಿರುಗಿದ. ಕಣ್ಣು ತುಂಬಿ ಬಂತು.

"ನೀ ಗುಮ್ಮ ಅಲ್ವಂತೆ" ಎಂದ ಕುಪ್ಪ.

"ಅಲ್ಲ ಮಗಾ. ನಿಮ್ಮಪ್ಪ."

"ಗುಳಿಗೆ ತಕಂಡ್ಯಾ ಅಪ್ಪಾ?" ಲಕ್ಕಿ ಕೇಳಿದಳು.

"ಇಲ್ಲ ಮಗಳೇ."

"ತಕಾ. ನೀ ನುಂಗೂ ತನಕ ನಾವು ಇಲ್ಲಿಂದ ಏಳೂದಿಲ್ಲ."

ಮಂಜಿ ನೀರು ತಂದಳು. ಬೀರ ಗುಳಿಗೆ ನುಂಗಿದ. ಕುಪ್ಪ ಕೂಗಲು ಬಾಯಿ ತೆರೆದವನು, ನೆನಪಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಣಿದ.

ಆಮೇಲೆ ದಿನಾ ಸಂಜೆ ಮಕ್ಕಳು ಕಲ್ಲಿನ ಮೇಲೆ ಹಾಜರು. ಲಕ್ಕಿ ಸಣ್ಣ ದನಿಯಲ್ಲಿ ಪದ ಹಾಡುವಳು. ಬೀರ ಕಣ್ಣು ಮುಚ್ಚಿದರೆ ತಮ್ಮನ ಕೈ ಹಿಡಿದು ಎದ್ದು ಹೋಗುವಳು. ಬೀರ ಬಟ್ಟೆ ಮರೆತರೆ ಕುಪ್ಪ ನೆನಪು ಮಾಡುವನು. ಪಕ್ಕದ ಮನೆ ಮಕ್ಕಳು ಬೀರನ ಕೆಮ್ಮನ್ನು ಅಣಕಿಸಿದಾಗ ಲಕ್ಕಿ ಬೇಲಿಗೇ ಹೋಗಿ, "ನಿಮ್ಮಪ್ಪಂಗೆ ಬಂದ್ರೆ ನಗ್ತ್ರಾ?" ಎಂದಳು. ಅವರು ಅಲ್ಲಿಂದ ಕಾಲ್ಕಿತ್ತರು. ಬಾಗಿಲ ಹಿಂದೆ ನಿಂತು ಕೇಳಿದ ಸಣ್ಣಮ್ಮ ಸೊಸೆಗೆ, "ಆತು ಮಂಜಿ, ನಾನೇ ತಪ್ಪು ತಿಳ್ದಿದ್ದೆ. ನಮ್ಕಿಂತ ಮಕ್ಕಳಿಗೇ ಚಲೋ ತಿಳೀತು" ಎಂದಳು. ಅಂದಿನಿಂದ ಗುಳಿಗೆಗೆ ನೀರು ಕೊಡುವ ಕೆಲಸ ಅವಳೇ ವಹಿಸಿಕೊಂಡಳು.

ತಿಂಗಳುಗಳು ಕಳೆದವು. ಬೀರ ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ. ಮೈ ತುಂಬಿತು, ಕೆಮ್ಮು ನಿಂತಿತು. ಒಂದು ದಿನ ಆಸ್ಪತ್ರೆಯಿಂದ ಬಂದವನು ತಾರಿ ಇಳಿದು, ದಂಡೆಯಲ್ಲಿ ಕಾಯುತ್ತಿದ್ದ ಮಕ್ಕಳ ಕಡೆಗೆ ಎರಡೂ ಕೈ ಚಾಚಿದ. ಲಕ್ಕಿ ಹೆಜ್ಜೆ ಎತ್ತಿದಳು. ಕುಪ್ಪ ಅವಳ ಕೈ ಹಿಡಿದೆಳೆದ.

"ತಡಿಯೇ! ಅಪ್ಪಾ, ಹತ್ರ ಬರೂಕೆ ಡಾಕ್ಟ್ರು ಹೂಂ ಅಂದ್ರಾ?"

"ಹೂಂ ಅಂದ್ರು ಮಗಾ! ಬನ್ನಿ!"

ತಾರಿಯಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ಬೀರ ಇಬ್ಬರನ್ನೂ ಒಟ್ಟಿಗೇ ಹೆಗಲಿಗೆ ಎತ್ತಿಕೊಂಡು ಕೊಪ್ಪಕ್ಕೆ ನಡೆದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಮಲಗಿದ್ದಾರೆಯೇ? ಮಕ್ಕಳಿಗೆ ಗುಮ್ಮನ ಕಥೆ ಹೇಳಬೇಡಿ, ನಿಜ ಹೇಳಿ. ಎಲ್ಲಿ ಕೂರಬೇಕು, ಹೇಗೆ ಮಾತಾಡಬೇಕು, ಯಾವುದನ್ನು ಮುಟ್ಟಬಾರದು ಎಂದು ಇವತ್ತೇ ಕಲಿಸಿ. ಔಷಧ ಆಸ್ಪತ್ರೆಯಲ್ಲಿ ಸಿಗುತ್ತದೆ. ಅದನ್ನು ನುಂಗುವ ಮನಸ್ಸನ್ನು ನಿಮ್ಮ ಮಕ್ಕಳು ಕೊಡಬಲ್ಲರು.